ಬ್ಯಾಕ್‌ಲೈಟ್ ಹತ್ತಿದ ಕೂಡಲೇ ಆರಿಹೋಗುತ್ತದೆ, ಬೂಸ್ಟ್ ಡ್ರೈವರ್‌ನಲ್ಲಿ ಎಲ್ಲಿಂದ ಹುಡುಕಲಿ?

ಪ್ರಶ್ನೆ:
ಸಣ್ಣ ಡಿಸ್‌ಪ್ಲೇ ಒಂದರ ಬ್ಯಾಕ್‌ಲೈಟ್ ಪವರ್ ಕೊಟ್ಟ ತಕ್ಷಣ ಹತ್ತಿ, ಕಣ್ಣು ಮಿಟುಕಿಸುವಷ್ಟರಲ್ಲಿ ಆರುತ್ತದೆ. ಟಾರ್ಚ್ ಬೆಳಕು ಹಾಯಿಸಿ ನೋಡಿದರೆ ಚಿತ್ರ ಕಾಣುತ್ತದೆ. ಇನ್‌ಪುಟ್ 5 ವೋಲ್ಟ್, ಅದನ್ನು ಎಲ್‌ಇಡಿಗಳಿಗೆ ಬೇಕಾದಷ್ಟಕ್ಕೆ ಏರಿಸುವುದು ಬೂಸ್ಟ್ ಡ್ರೈವರ್. ಎಂಟೆಂಟು ಬಿಳಿ ಎಲ್‌ಇಡಿಗಳ ಎರಡು ಸರಣಿ, ಒಂದೊಂದಕ್ಕೆ 20 ಮಿಲಿಆಂಪ್. ಡ್ರೈವರ್ ಐಸಿ ಬದಲಿಸಿದ್ದಾಯಿತು, ಅದೇ ಪಾಡು. ಆಸಿಲೋಸ್ಕೋಪ್ ಇಲ್ಲ, ಮಲ್ಟಿಮೀಟರ್ ಮತ್ತು ಬೆಂಚ್ ಸಪ್ಲೈ (ವೋಲ್ಟೇಜ್, ಕರೆಂಟ್ ಹೊಂದಿಸಬಹುದಾದ ಪವರ್ ಸಪ್ಲೈ) ಇವೆ. ಇಂಥದ್ದನ್ನು ಸರಿಮಾಡಿದವರು ಅನುಭವ ಹೇಳಿ.

ಉತ್ತರ 1:
ಸರ್, ಐಸಿ ತಂಟೆಗೆ ಇನ್ನು ಹೋಗಬೇಡಿ. ಹತ್ತಿ ಆರುತ್ತಿದೆ ಎಂದರೆ ಅದು ಕೆಲಸ ಶುರು ಮಾಡಿದೆ, ಏನೋ ಸರಿಯಿಲ್ಲ ಅನ್ನಿಸಿ ತಾನಾಗಿ ನಿಲ್ಲಿಸಿದೆ. ಯಾಕೆ ನಿಲ್ಲಿಸಿತು ಅನ್ನುವುದು ಔಟ್‌ಪುಟ್ ಕೆಪಾಸಿಟರ್ ಮೇಲಿನ ವೋಲ್ಟೇಜ್ ನೋಡಿದರೆ ಗೊತ್ತಾಗುತ್ತದೆ. ಮೀಟರ್‌ನಲ್ಲಿ ಗರಿಷ್ಠ ಅಳತೆ ಹಿಡಿದಿಡುವ ಮ್ಯಾಕ್ಸ್ ಬಟನ್ ಇದ್ದರೆ ಒತ್ತಿ, ಪ್ರೋಬ್ ಇಟ್ಟ ಮೇಲೆ ಪವರ್ ಕೊಡಿ.

ಬಿಳಿ ಎಲ್‌ಇಡಿ ಒಂದಕ್ಕೆ 3 ವೋಲ್ಟ್ ಚಿಲ್ಲರೆ, ಎಂಟಕ್ಕೆ ಹತ್ತಿರಹತ್ತಿರ 25. ವೋಲ್ಟೇಜ್ ಅಲ್ಲಿಗೆ ಏರಿ ನಿಲ್ಲಬೇಕು. 4.7ರ ಆಸುಪಾಸಿನಲ್ಲೇ ಕೂತಿದ್ದರೆ ಬೂಸ್ಟ್ ಆಗುತ್ತಲೇ ಇಲ್ಲ. ಸ್ವಿಚಿಂಗ್ (ಐಸಿ ಕಾಯಿಲ್‌ನ ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡುವುದು) ನಡೆಯದಿದ್ದರೂ ಕಾಯಿಲ್ ಮತ್ತು ಡಯೋಡ್ ಮೂಲಕ ಅಷ್ಟು ವೋಲ್ಟೇಜ್ ಔಟ್‌ಪುಟ್‌ಗೆ ಬಂದೇ ಬರುತ್ತದೆ. ಅದನ್ನು ನೋಡಿ ‘ಔಟ್‌ಪುಟ್ ಇದೆಯಲ್ಲ’ ಎಂದುಕೊಳ್ಳುವವರು ಬಹಳ. ಆಗ ನೋಡಬೇಕಾದ್ದು ಐಸಿಯನ್ನು ಚಾಲೂ ಮಾಡುವ ಎನೇಬಲ್ ಪಿನ್, ಬ್ರೈಟ್‌ನೆಸ್ ಹೊಂದಿಸುವ ಪಿಡಬ್ಲ್ಯುಎಂ ಸಿಗ್ನಲ್. ಪೂರ್ತಿ ಸೊನ್ನೆಯಾದರೆ ಫ್ಯೂಸ್ ಹೋಗಿದೆ, ಕಾಯಿಲ್ ಓಪನ್ ಆಗಿದೆ (ಒಳಗೆ ಕಡಿದಿದೆ), ಇಲ್ಲವೇ ಔಟ್‌ಪುಟ್ ಶಾರ್ಟ್. ಇನ್ನು 38ರ ಹತ್ತಿರವೋ, ನಿಮ್ಮ ಐಸಿಯ ಡೇಟಾಶೀಟ್ ಹೇಳುವ ಓವರ್‌ವೋಲ್ಟೇಜ್ ಮಿತಿಯವರೆಗೋ (ಇದಕ್ಕಿಂತ ಮೇಲೇರದಂತೆ ಐಸಿ ತಡೆಯುವ ವೋಲ್ಟೇಜ್) ಜಿಗಿದು ಕುಸಿದರೆ, ಎಲ್‌ಇಡಿ ಕಡೆ ಎಲ್ಲೋ ದಾರಿ ಕಡಿದಿದೆ.

ನಿಮ್ಮದು ಈ ಕೊನೆಯದ್ದೇ ಅಂತ ನನ್ನ ಗುಮಾನಿ. ಎರಡರಲ್ಲಿ ಒಂದು ಸರಣಿ ಮಾತ್ರ ಕಡಿದಿದ್ದರೆ ಇನ್ನೊಂದು ಹತ್ತುತ್ತದೆ. ಕಡಿದದ್ದರಲ್ಲೂ ಕರೆಂಟ್ ಹರಿಸಬೇಕೆಂದು ಐಸಿ ವೋಲ್ಟೇಜ್ ಏರಿಸುತ್ತಾ ಹೋಗಿ ಮಿತಿ ಮುಟ್ಟುತ್ತದೆ. ಕೆಲವು ಐಸಿಗಳು ಕಡಿದ ಸರಣಿಯನ್ನು ಕೈಬಿಟ್ಟು ಉಳಿದದ್ದನ್ನು ನಡೆಸಿಕೊಂಡು ಹೋಗುತ್ತವೆ, ಕೆಲವು ಎಲ್ಲವನ್ನೂ ಆರಿಸಿ ಕೂರುತ್ತವೆ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಆದರೆ ಅಷ್ಟು ಬೇಗ ಆರುವುದಾದರೆ ಸಾಧಾರಣ ಮೀಟರ್‌ನ ಮ್ಯಾಕ್ಸ್ ಅದನ್ನು ಹಿಡಿಯದೇ ಇರಬಹುದು. ನಾನಾದರೆ ಡ್ರೈವರ್ ಬಿಚ್ಚಿಟ್ಟು ಎಲ್‌ಇಡಿಗಳನ್ನೇ ಪರೀಕ್ಷಿಸುತ್ತೇನೆ. ಬೆಂಚ್ ಸಪ್ಲೈಯ ಕರೆಂಟ್ ಮಿತಿಯನ್ನು 5 ಮಿಲಿಆಂಪ್‌ಗೆ ಇಟ್ಟು, ವೋಲ್ಟೇಜನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿ. ಸಪ್ಲೈಯಲ್ಲಿ ಅಷ್ಟು ಸಣ್ಣ ಮಿತಿ ಸಿಗದಿದ್ದರೆ ಸರಣಿಗೆ 1 ಕಿಲೋಓಮ್ ರೆಸಿಸ್ಟರ್ ಸೇರಿಸಿ. 5 ಮಿಲಿಆಂಪ್‌ಗೆ ಅದು 5 ವೋಲ್ಟ್ ನುಂಗುತ್ತದೆ, ಲೆಕ್ಕದಲ್ಲಿರಲಿ. ಆರೋಗ್ಯವಾಗಿರುವ ಸರಣಿ 22-23 ವೋಲ್ಟ್ ದಾಟುವುದರೊಳಗೆ ಮಂದವಾಗಿ ಹತ್ತಿಕೊಳ್ಳುತ್ತದೆ. ಎರಡರ ನಡುವೆ 3 ವೋಲ್ಟ್‌ನಷ್ಟು ವ್ಯತ್ಯಾಸ ಕಂಡರೆ ಒಂದು ಎಲ್‌ಇಡಿ ಶಾರ್ಟ್ ಆಗಿದೆ ಎಂದೇ ತಿಳಿಯಿರಿ. ಅದನ್ನೂ ದೋಷವೆಂದು ಹಿಡಿದು ನಿಲ್ಲುವ ಐಸಿಗಳಿವೆ.

ಮೀಟರ್‌ನ ಡಯೋಡ್ ಮೋಡ್‌ನಿಂದ ಇಡೀ ಸರಣಿ ನೋಡಲು ಹೋಗಬೇಡಿ. ಅದು ಕೊಡುವ ಎರಡು ಮೂರು ವೋಲ್ಟ್ ಎಂಟು ಎಲ್‌ಇಡಿಗೆ ಯಾತಕ್ಕೂ ಸಾಲದು, ಒಳ್ಳೆಯದೂ ಓಪನ್ ಅಂತಲೇ ತೋರಿಸುತ್ತದೆ.

ಹತ್ತಿತು ಎಂದು ಅಲ್ಲಿಗೇ ಬಿಡಬೇಡಿ. 20 ಮಿಲಿಆಂಪ್‌ಗೆ ಏರಿಸಿ ಸ್ವಲ್ಪ ಹೊತ್ತು ಬಿಸಿಯಾಗಲು ಬಿಡಿ, ಫ್ಲೆಕ್ಸ್ (ಬಾಗುವ ತೆಳು ಸರ್ಕ್ಯೂಟ್ ಪಟ್ಟಿ) ಉದ್ದಕ್ಕೂ ಮರದ ಕಡ್ಡಿಯಿಂದ ಮೆಲ್ಲಗೆ ಒತ್ತುತ್ತಾ ಹೋಗಿ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದಾಗ ಬಿಟ್ಟುಕೊಳ್ಳುವ ಬೆಸುಗೆ ಬೇರೆ ರೀತಿಯಲ್ಲಿ ಸುಲಭವಾಗಿ ಸಿಕ್ಕಿಬೀಳುವುದಿಲ್ಲ.

ಉತ್ತರ 3:
ಎಲ್ಲರೂ ಔಟ್‌ಪುಟ್ ಕಡೆಗೇ ಹೊರಟಿದ್ದೀರಿ, ಇನ್‌ಪುಟ್ ಕಡೆ ಒಮ್ಮೆ ತಿರುಗಿ. 25 ವೋಲ್ಟ್, 40 ಮಿಲಿಆಂಪ್ ಎಂದರೆ 1 ವ್ಯಾಟ್. ದಕ್ಷತೆ 85 ಶೇಕಡಾ ಹಿಡಿದರೂ 5 ವೋಲ್ಟ್ ಕಡೆಯಿಂದ ಸುಮಾರು 235 ಮಿಲಿಆಂಪ್ ಬೇಕು, ಹೊರಡುವಾಗ ಇನ್ನೂ ಹೆಚ್ಚು. ಸಣಕಲು ವೈರ್‌ನಲ್ಲಿ ಕೊಟ್ಟರೆ ವೋಲ್ಟೇಜ್ ಜಗ್ಗಿ ಐಸಿ ಮಲಗುತ್ತದೆ. ಕನೆಕ್ಟರ್‌ನಲ್ಲಿ ಅಲ್ಲ, ಐಸಿಯ ಪಿನ್ ಮೇಲೆಯೇ ಅಳೆಯಿರಿ. ಹಾಗೆ ಮಲಗಿದ್ದು ಲೋಡ್ ಹೋದ ಕೂಡಲೇ ಮತ್ತೆ ಏಳುವುದರಿಂದ ಸಾಮಾನ್ಯವಾಗಿ ಬೆಳಕು ಮಿನುಗುತ್ತಲೇ ಇರುತ್ತದೆ. ನಿಮ್ಮದು ಒಂದೇ ಸಲ ಹತ್ತಿ ಸುಮ್ಮನಾಗುತ್ತದೋ, ಮತ್ತೆ ಮತ್ತೆ ಮಿನುಗುತ್ತದೋ?

ಉತ್ತರ 4:
ಹಿಂದೆ ಯಾರಾದರೂ ಈ ಬೋರ್ಡಿಗೆ ಕೈ ಹಾಕಿದ್ದರೆ ಡಯೋಡ್ ನೋಡಿ. ಕೈಗೆ ಸಿಕ್ಕಿದ 1ಎನ್4007 (ನಿಧಾನಗತಿಯ ಸಾಧಾರಣ ಡಯೋಡ್) ಹಾಕಿರುವುದನ್ನು ಕಂಡಿದ್ದೇನೆ. ನೂರಾರು ಕಿಲೋಹರ್ಟ್ಸ್‌ನಲ್ಲಿ ಅದು ಸುಡುವುದು ಬಿಟ್ಟು ಬೇರೇನೂ ಮಾಡದು. ವೇಗದ ಶಾಟ್ಕಿ ಡಯೋಡೇ ಬೇಕು, ಅದರ ರಿವರ್ಸ್ ವೋಲ್ಟೇಜ್ (ಉಲ್ಟಾ ದಿಕ್ಕಿನಲ್ಲಿ ತಾಳುವಷ್ಟು) ಓವರ್‌ವೋಲ್ಟೇಜ್ ಮಿತಿಗಿಂತ ಮೇಲಿರಬೇಕು. ಕಾಯಿಲ್ ಕೂಡ ಹಾಗೆಯೇ: ಮೈಕ್ರೋಹೆನ್ರಿ ಹೊಂದಿದರೆ ಸಾಲದು, ಸ್ಯಾಚುರೇಶನ್ ಕರೆಂಟೂ (ಕಾಯಿಲ್‌ನ ಕೋರ್ ಸೋಲುವ ಕರೆಂಟ್) ಹೊಂದಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಒಂದೇ ಸಲ ಹತ್ತಿ ಆರುತ್ತದೆ, ಐಸಿ ಪಿನ್‌ನಲ್ಲಿ 5 ವೋಲ್ಟ್ ಅಲುಗಾಡುವುದಿಲ್ಲ. ಮೀಟರ್ ಗರಿಷ್ಠ 37 ಚಿಲ್ಲರೆ ತೋರಿಸಿತು. ಬೆಂಚ್ ಸಪ್ಲೈಯಲ್ಲಿ ಒಂದು ಸರಣಿ ಹತ್ತಿತು, ಇನ್ನೊಂದು 26ಕ್ಕೆ ಏರಿಸಿದರೂ ಇಲ್ಲ. ಫ್ಲೆಕ್ಸ್ ಕನೆಕ್ಟರ್‌ಗೆ ಸೇರುವ ಕಡೆ ಒತ್ತಿದರೆ ಹತ್ತುತ್ತದೆ, ಬಿಟ್ಟರೆ ಆರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಒಂದು ಪಿನ್ ಸುತ್ತ ಕೂದಲೆಳೆಯಂಥ ಬಿರುಕು. ಇದನ್ನು ಬೆಸೆದು ನೇರವಾಗಿ ಡ್ರೈವರ್‌ಗೆ ಕೊಡಬಹುದೇ?

ಉತ್ತರ 1:
ಮೊದಲು ಸಪ್ಲೈಯಲ್ಲೇ ಎರಡೂ ಸರಣಿ 20 ಮಿಲಿಆಂಪ್‌ನಲ್ಲಿ ನಿಲ್ಲುತ್ತವೆಯೇ ನೋಡಿ, ಆಮೇಲೆ ಡ್ರೈವರ್. ಪವರ್ ಇರುವಾಗ ಎಲ್‌ಇಡಿ ಕನೆಕ್ಟರ್ ಮಾತ್ರ ಚುಚ್ಚಬೇಡಿ. ಲೋಡ್ ಇಲ್ಲದ ಡ್ರೈವರ್‌ನ ಕೆಪಾಸಿಟರ್ 38ಕ್ಕೆ ತುಂಬಿ ನಿಂತಿರಬಹುದು, ಚುಚ್ಚಿದ ಕ್ಷಣ ಅಷ್ಟೂ ಎಲ್‌ಇಡಿಗಳ ಮೇಲೆ ಸುರಿಯುತ್ತದೆ. ಪವರ್ ತೆಗೆದು ಕೆಪಾಸಿಟರ್‌ಗೆ ಅಡ್ಡಲಾಗಿ 1 ಕಿಲೋಓಮ್ ಹಿಡಿದು ಖಾಲಿ ಮಾಡಿ, ಕನೆಕ್ಟರ್ ಕೂರಿಸಿ, ಆಮೇಲೆ ಆನ್ ಮಾಡಿ. ದೊಡ್ಡ ಟಿವಿ ಬ್ಯಾಕ್‌ಲೈಟ್‌ಗಳಲ್ಲಿ ಇದೇ ಜಾಗದಲ್ಲಿ 100 ವೋಲ್ಟ್ ಮೇಲಿರುವುದೂ ಉಂಟು. ಇದನ್ನು ಓದಿ ಅಲ್ಲಿ ಕೈ ಹಾಕುವವರು ಮೊದಲು ಅಳೆದು ನೋಡಿ.