ಶಿಲಾಯುಗದ ಕಾದಂಬರಿಯಲ್ಲಿ ವರ್ಣನೆಗಳನ್ನು ಹಾರಿಸಿ ಓದಬಹುದೇ?

ದಾವಣಗೆರೆ ಓದುಗ:

ಎಲ್ಲರಿಗೂ ನಮಸ್ಕಾರ. ಜೀನ್ ಆವೆಲ್ ಅವರ ‘ದಿ ಕ್ಲಾನ್ ಆಫ್ ದಿ ಕೇವ್ ಬೇರ್’ ಕಾದಂಬರಿಯನ್ನು ಇಂಗ್ಲಿಷಿನಲ್ಲಿಯೇ ಓದುತ್ತಿದ್ದೇನೆ. ಭೂಕಂಪದಲ್ಲಿ ತನ್ನವರನ್ನೆಲ್ಲ ಕಳೆದುಕೊಂಡ ಏಲಾ ಎಂಬ, ನಮ್ಮದೇ ಮನುಷ್ಯಕುಲದ ಪುಟ್ಟ ಹುಡುಗಿಯನ್ನು ನಿಯಾಂಡರ್ತಲ್ (ಈಗ ಅಳಿದುಹೋಗಿರುವ ಇನ್ನೊಂದು ಮಾನವಕುಲ) ಗುಂಪೊಂದು ಎತ್ತಿಕೊಂಡು ಸಾಕುವ ಕಥೆಯೇನೋ ಚೆನ್ನಾಗಿ ಹಿಡಿದಿಟ್ಟಿದೆ. ಆದರೆ ಬೇರುನಾರು, ಬೇಟೆ, ತೊಗಲು ಹದ ಮಾಡುವ ಬಗೆ, ಕಲ್ಲಿನ ಹತ್ಯಾರಗಳು ಎಂದು ಲೇಖಕಿ ಪುಟಗಟ್ಟಲೆ ವಿವರಿಸುತ್ತ ಹೋಗುವಾಗ ಕಥೆ ನಿಂತೇಹೋದಂತೆ ಅನಿಸುತ್ತದೆ. ಮುಂದೆ ಇನ್ನೂ ಐದು ಸಂಪುಟಗಳಿವೆ. ಈ ವರ್ಣನೆಗಳನ್ನು ಹಾರಿಸಿ ಓದಿದರೆ ನಷ್ಟವಿದೆಯೇ? ಇದರಲ್ಲಿ ಎಷ್ಟನ್ನು ನಿಜವೆಂದು ನಂಬಬಹುದು? ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಿಲಾಯುಗದ ಜನರ ಬದುಕೂ ಹೀಗೆಯೇ ಇತ್ತೆಂದು ಸ್ನೇಹಿತರೊಬ್ಬರು ಹೇಳುತ್ತಾರೆ, ಅದು ಸರಿಯೇ?

ಮೊಳಕಾಲ್ಮೂರು ಮೇಷ್ಟ್ರು:

ಮೊದಲನೆಯ ಸಂಪುಟದಲ್ಲಂತೂ ದಯವಿಟ್ಟು ಹಾರಿಸಬೇಡಿ, ಏಕೆಂದರೆ ಅಲ್ಲಿ ವಿವರವೇ ಕಥೆಯನ್ನು ನಡೆಸುತ್ತದೆ. ಆ ಗುಂಪಿನಲ್ಲಿ ಹೆಣ್ಣು ಆಯುಧ ಮುಟ್ಟುವಂತಿಲ್ಲ. ಮುದುಕನೊಬ್ಬ ಹುಡುಗನಿಗೆ ಕವಣೆ ಕಲಿಸುವುದನ್ನು ಮರೆಯಲ್ಲಿ ನಿಂತು ನೋಡಿದ ಏಲಾ, ಯಾರಿಗೂ ತಿಳಿಯದಂತೆ ಅಭ್ಯಾಸಕ್ಕೆ ತೊಡಗುತ್ತಾಳೆ. ನಮ್ಮ ಸೀಮೆಯಲ್ಲಿ ಜೋಳದ ಹೊಲದ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸಿದವರಿಗೆ ಆ ಪುಟಗಳು ಬೇಸರ ತರಿಸಲಾರವು. ಒಂದು ತುದಿಯ ಕುಣಿಕೆಯನ್ನು ಬೆರಳಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಅಂಗೈಯಲ್ಲಿ ಹಿಡಿದು ಬೀಸುವಾಗ, ಹಿಡಿದ ತುದಿಯನ್ನು ತುಸು ಮೊದಲು ಬಿಟ್ಟರೂ ತುಸು ತಡವಾಗಿ ಬಿಟ್ಟರೂ ಕಲ್ಲು ಗುರಿಯ ಕಡೆಗೆ ಹೋಗುವುದಿಲ್ಲ. ಈ ಕೈಚಳಕವನ್ನು ಅವಳು ಎಷ್ಟು ಕಷ್ಟಪಟ್ಟು ಗಳಿಸಿದಳೆಂಬುದು ಓದುಗನಿಗೆ ಗೊತ್ತಿದ್ದರೆ ಮಾತ್ರ, ಮುಂದೆ ಅದೇ ಕವಣೆಯಿಂದ ಅವಳಿಗೆ ಒದಗುವ ಶಿಕ್ಷೆಯ ಭಾರ ತಿಳಿಯುತ್ತದೆ. ಆ ಗುಂಪಿನ ಡ್ರೂಗ್ ಎಂಬವನು ಕಲ್ಲಿನ ಹತ್ಯಾರ ಮಾಡುವ ಪ್ರಸಂಗವನ್ನೂ ನಿಧಾನವಾಗಿ ಓದಿ. ಚಕಮಕಿ ಕಲ್ಲಿಗೆ ಎಲ್ಲಿ, ಯಾವ ಓರೆಯಲ್ಲಿ ಏಟು ಬಿದ್ದರೆ ಎಂಥ ಚಕ್ಕೆ ಏಳುತ್ತದೆಂಬ ಲೆಕ್ಕ ಆ ಮನುಷ್ಯನ ತಲೆಯಲ್ಲಿ ಹೇಗೆ ಓಡುತ್ತದೆಂಬುದು ಅಲ್ಲಿ ಕಾಣುತ್ತದೆ.

ನಿಮ್ಮ ಸ್ನೇಹಿತರ ಮಾತನ್ನು ಮಾತ್ರ ಒಪ್ಪಲಾಗದು. ಕಾದಂಬರಿ ನಡೆಯುವುದು ಕಪ್ಪು ಸಮುದ್ರದ ತೀರದಲ್ಲಿ, ಹಿಮಯುಗದಲ್ಲಿ, ಇಂದಿಗೆ ಸುಮಾರು 30,000 ವರ್ಷಗಳ ಹಿಂದೆ. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದಾಗ ಅತ್ಯಂತ ಕೆಳಗಿನ ಪದರಗಳಲ್ಲಿ ಸಿಕ್ಕಿದ್ದು ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳು, ಕೈಯಿಂದ ಮಾಡಿದ ಬೂದುಬಣ್ಣದ ಮಡಕೆಗಳು ಮತ್ತು ಮಡಕೆಯಲ್ಲಿಟ್ಟು ಹೂಳಿದ ಎಳೆಯ ಮಕ್ಕಳ ಮೂಳೆಗಳು. ಅದು ನವಶಿಲಾಯುಗ. ವೀಲರ್ ಅದನ್ನು ಕ್ರಿಸ್ತಪೂರ್ವ ಒಂದನೆಯ ಸಹಸ್ರಮಾನಕ್ಕೆ ಸೇರಿಸಿದ್ದರು. ಆಮೇಲೆ ಇಂಗಾಲದ ಕಾಲಮಾಪನ ಬಂದು ದಕ್ಷಿಣದ ನವಶಿಲಾಯುಗವನ್ನು ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದವರೆಗೂ ಹಿಂದಕ್ಕೆ ಒಯ್ದಿತು. ಹಾಗೆ ನೋಡಿದರೂ ಏಲಾಳಿಗಿಂತ ಬ್ರಹ್ಮಗಿರಿಯವರು ನಮಗೇ ಎಷ್ಟೋ ಪಾಲು ಹತ್ತಿರದವರು. ಆ ಕಾಲದ ನಮ್ಮ ಬಯಲುಸೀಮೆಯ ಜನ ದನ ಕಟ್ಟಿಕೊಂಡು, ಹುರುಳಿ, ಹೆಸರು, ಕೊರಲೆ ಬೆಳೆದು ಬಾಳಿದವರು. ಬೇಟೆಯನ್ನೂ ಕಾಡಿನ ಗೆಡ್ಡೆಗೆಣಸನ್ನೂ ನಂಬಿ ಅಲೆಯುವ ಏಲಾಳ ಗುಂಪಿಗೆ ಸಾಕಿದ ಹಸುವೆಂಬುದೇ ಗೊತ್ತಿಲ್ಲ.

ಬೆಣ್ಣೆನಗರಿ:

ಮೇಷ್ಟ್ರ ಮಾತು ಮೊದಲ ಸಂಪುಟಕ್ಕೆ ಸರಿ, ಅದರಾಚೆಗೆ ನಾನು ಒಪ್ಪುವುದಿಲ್ಲ. ನಾಲ್ಕನೆಯ ಸಂಪುಟದ ಪ್ರಯಾಣದಲ್ಲಿ ಹುಲ್ಲುಗಾವಲಿನ ವರ್ಣನೆ ಮುಗಿಯಿತೆಂದರೆ ಮತ್ತೊಂದು ಹುಲ್ಲುಗಾವಲು ಎದುರಾಗುತ್ತದೆ, ಹಿಂದಿನ ಸಂಪುಟಗಳ ಸಂಗತಿಗಳನ್ನು ಪಾತ್ರಗಳು ಹೊಸಬರೆದುರು ಮತ್ತೆ ಮತ್ತೆ ಹೇಳಿಕೊಳ್ಳುತ್ತಾರೆ. ಅಲ್ಲಿ ಧಾರಾಳವಾಗಿ ಹಾರಿಸಿ. ಸರಣಿ ಮುಗಿಸಲೇಬೇಕೆಂಬ ಹರಕೆಯೇನೂ ಇಲ್ಲವಲ್ಲ. ಮೊದಲ ಸಂಪುಟ ತನ್ನಷ್ಟಕ್ಕೆ ತಾನೇ ಪೂರ್ಣವಾದ ಕಾದಂಬರಿ.

ಕೋಟೆಯ ನೆರಳು, ಚಿತ್ರದುರ್ಗ:

ನಂಬಿಕೆಯ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಈ ಸಂಪುಟ ಪ್ರಕಟವಾದದ್ದು 1980ರಲ್ಲಿ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಓದಿದರೆ ಅರ್ಧ ಗೊಂದಲ ತಾನಾಗಿಯೇ ಕಳೆಯುತ್ತದೆ. ಒಂದು ಕೈ, ಒಂದು ಕಣ್ಣು ಇಲ್ಲದ, ಕುಂಟುತ್ತ ನಡೆಯುವ ಕ್ರೆಬ್ ಎಂಬ ಪಾತ್ರ ಬರಿಯ ಕಲ್ಪನೆಯಲ್ಲ. ಇರಾಕಿನ ಶನಿದಾರ್ ಗುಹೆಯಲ್ಲಿ 1957ರಲ್ಲಿ ಸಿಕ್ಕಿದ ನಿಯಾಂಡರ್ತಲ್ ಅಸ್ಥಿಪಂಜರವೊಂದರಲ್ಲಿ ಇಂಥವೇ ಊನಗಳಿವೆ. ಆದರೂ ಆ ಮನುಷ್ಯ ನಲವತ್ತರ ಆಸುಪಾಸಿನವರೆಗೆ ಬದುಕಿದ್ದನೆಂದರೆ ಸುತ್ತಲಿನವರು ಅವನನ್ನು ನೋಡಿಕೊಂಡಿದ್ದರೆಂದೇ ವಿದ್ವಾಂಸರು ಊಹಿಸುತ್ತಾರೆ. ಏಲಾಳಿಗೆ ಎರಡು ಕುಲಗಳ ಬೆರಕೆಯ ಮಗು ಹುಟ್ಟುವುದನ್ನು ಆಗ ಹಲವರು ಅತಿರೇಕವೆಂದುಕೊಂಡಿರಬಹುದು. 2010ರಲ್ಲಿ ಸ್ವಾಂತೆ ಪಾಬೋ ಅವರ ತಂಡ ನಿಯಾಂಡರ್ತಲರ ಜೀನೋಮ್ (ಇಡೀ ವಂಶವಾಹಿ ಮಾಹಿತಿ) ಪ್ರಕಟಿಸಿದಾಗ, ಆಫ್ರಿಕದ ಹೊರಗಿನ ಜನರೆಲ್ಲರಲ್ಲಿಯೂ ಆ ವಂಶವಾಹಿಯ ಅಂಶ ಇರುವುದು ತಿಳಿದುಬಂತು. ಶೇಕಡಾ 2ರ ಆಸುಪಾಸಿನಲ್ಲಿರುವ ಆ ಅಂಶ ದಾವಣಗೆರೆಯವರಲ್ಲೂ ಇದೆ, ದುರ್ಗದವರಲ್ಲೂ ಇದೆ!

ನಿಯಾಂಡರ್ತಲರು ಬಹುಮಟ್ಟಿಗೆ ಕೈಸನ್ನೆಯಲ್ಲಿಯೇ ಮಾತನಾಡುತ್ತಾರೆಂಬ ಚಿತ್ರಣವನ್ನು ಮಾತ್ರ ಎಚ್ಚರದಿಂದ ಓದಬೇಕು. ಇಸ್ರೇಲಿನ ಕೆಬಾರಾ ಗುಹೆಯಲ್ಲಿ 1983ರಲ್ಲಿ ದೊರೆತ ನಿಯಾಂಡರ್ತಲ್ ಅಸ್ಥಿಪಂಜರದಲ್ಲಿ ನಾಲಗೆಯ ಬುಡದ ಮೂಳೆ ಉಳಿದಿತ್ತು, ಅದರ ಆಕಾರ ನಮ್ಮದನ್ನೇ ಹೋಲುತ್ತದೆ. ಕಾದಂಬರಿಯ ನಿಯಾಂಡರ್ತಲರಿಗೆ ಪೂರ್ವಜರ ಅನುಭವವೆಲ್ಲ ಹುಟ್ಟುತ್ತಲೇ ಮಿದುಳಿನಲ್ಲಿ ನೆನಪಾಗಿ ಕೂತಿರುತ್ತದೆಂಬುದಂತೂ ಶುದ್ಧ ಕಲ್ಪನೆ. ಆದರೆ ಕಾದಂಬರಿಯ ದೃಷ್ಟಿಯಿಂದ ಅದೇ ಅದರ ಅತ್ಯುತ್ತಮ ಕಲ್ಪನೆ ಎಂದು ನನ್ನ ಅಭಿಪ್ರಾಯ. ಹೊಸದನ್ನು ಕಲಿಯಲಾರದ ಗುಂಪಿನ ನಡುವೆ ಕಲಿಯದೆ ಇರಲಾರದ ಹುಡುಗಿ ಬೆಳೆಯುವುದರಿಂದಲೇ ಇಡೀ ಸಂಘರ್ಷ ಹುಟ್ಟುತ್ತದೆ.

ದಾವಣಗೆರೆ ಓದುಗ:

ಎಲ್ಲರಿಗೂ ಧನ್ಯವಾದಗಳು. ಡ್ರೂಗ್ ಪ್ರಸಂಗವನ್ನು ಹಾರಿಸಿಬಿಟ್ಟಿದ್ದೆ, ಈಗ ಹಿಂದಕ್ಕೆ ಹೋಗಿ ಓದುತ್ತೇನೆ. ಮೇಷ್ಟ್ರೇ, ಬ್ರಹ್ಮಗಿರಿಗೆ ಬಂದರೆ ಆ ನವಶಿಲಾಯುಗದ ಮನೆಗಳೇನಾದರೂ ಕಣ್ಣಿಗೆ ಕಾಣುತ್ತವೆಯೇ?

ಮೊಳಕಾಲ್ಮೂರು ಮೇಷ್ಟ್ರು:

ಮನೆಗಳು ಕಾಣುವುದಿಲ್ಲ ಸರ್, ಅವೆಲ್ಲ ಮಣ್ಣಿನಡಿಯವು. ಕಲ್ಲುಗಳನ್ನು ವೃತ್ತಾಕಾರವಾಗಿ ಜೋಡಿಸಿದ ಸಮಾಧಿಗಳು, ಚಪ್ಪಡಿ ನಿಲ್ಲಿಸಿ ಕಟ್ಟಿದ ಕಲ್ಲಿನ ಗೋರಿಗಳು ಅಲ್ಲಿನ ವಿಶೇಷ. ಅಂಥ ಗೋರಿಗಳ ಪೂರ್ವ ದಿಕ್ಕಿನ ಚಪ್ಪಡಿಯಲ್ಲಿ ದುಂಡನೆಯ ಕಂಡಿ ಕೊರೆದಿರುತ್ತಾರೆ. ಆದರೆ ಅವು ಕಬ್ಬಿಣ ಬಂದ ಮೇಲಿನ ಬೃಹತ್ ಶಿಲಾಯುಗದವು, ಕಲ್ಲಿನ ಕೊಡಲಿಯವರವಲ್ಲ. ಕೊಡಲಿ ತಯಾರಿಸಿದ ಜಾಗವನ್ನೇ ನೋಡಬೇಕೆಂದರೆ ಬಳ್ಳಾರಿಯ ಪಕ್ಕದ ಸಂಗನಕಲ್ಲಿಗೆ ಹೋಗಿ. ಅಲ್ಲಿನ ಗುಡ್ಡದಲ್ಲಿ ಕರಿಕಲ್ಲು ಒಡೆದ ಚಕ್ಕೆಗಳ ರಾಶಿಯೂ, ಕೊಡಲಿಯನ್ನು ತಿಕ್ಕಿ ತಿಕ್ಕಿ ಬಂಡೆಯಲ್ಲಿ ಬಿದ್ದ ನುಣುಪಾದ ತೋಡುಗಳೂ ಇವೆ. ಬಿಸಿಲೇರುವ ಮುನ್ನ ಹತ್ತಿ, ಮತ್ತು ನೆನಪಿಗೆಂದು ಒಂದು ಚಕ್ಕೆಯನ್ನೂ ಕಿಸೆಗೆ ಹಾಕಿಕೊಳ್ಳಬೇಡಿ.