ತರಗತಿಯ ಚಟುವಟಿಕೆಗಳಿಗೆ ಟೈಮರ್: ಬಳಸಿದ ಶಿಕ್ಷಕರ ಅನುಭವಗಳು

ಪ್ರಶ್ನೆ, ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರಿಂದ

ಆರು ಮತ್ತು ಏಳನೇ ತರಗತಿಗಳಿಗೆ ಗಣಿತ ಹಾಗೂ ವಿಜ್ಞಾನ ಬೋಧಿಸುತ್ತಿದ್ದೇನೆ. ಗುಂಪು ಚಟುವಟಿಕೆ ಕೊಟ್ಟ ದಿನ 40 ನಿಮಿಷದ ಅವಧಿಯಲ್ಲಿ ಮಕ್ಕಳು ಗುಂಪಾಗಿ ಕೂರುವುದಕ್ಕೇ ಬಹಳ ಹೊತ್ತು ಹಿಡಿಯುತ್ತದೆ. ಎಲ್ಲ ಗುಂಪುಗಳ ಮಂಡನೆ ಮುಗಿಯುವ ಮೊದಲೇ ಗಂಟೆ ಹೊಡೆಯುತ್ತದೆ. ಸ್ಮಾರ್ಟ್ ಟಿವಿಯಲ್ಲಿ ಉಳಿದ ಸಮಯ ತೋರಿಸುವ ಟೈಮರ್ ಹಾಕಬೇಕೆಂದಿದ್ದೇನೆ. ಇದರಿಂದ ಮಕ್ಕಳಿಗೆ ಗಾಬರಿಯಾಗುತ್ತದೆಯೇ, ಎಷ್ಟೆಷ್ಟು ಸಮಯ ನಿಗದಿ ಮಾಡಬೇಕು ಎಂಬುದನ್ನು ಬಳಸಿದವರು ದಯವಿಟ್ಟು ತಿಳಿಸಿ.

ವಿಜ್ಞಾನ ಶಿಕ್ಷಕರು, ಹಿರಿಯ ಪ್ರಾಥಮಿಕ ಶಾಲೆ

ಮೇಡಂ, ಖಂಡಿತ ಬಳಸಿ, ಆದರೆ ಇಡೀ ಚಟುವಟಿಕೆಗೆ ಒಂದೇ ಟೈಮರ್ ಹಾಕಬೇಡಿ. ಪರದೆಯ ಮೇಲೆ 20 ನಿಮಿಷ ಎಂದು ಕಂಡರೆ ಮಕ್ಕಳಿಗೆ ಬೇಕಾದಷ್ಟು ಸಮಯವಿದೆ ಎನ್ನಿಸುತ್ತದೆ. ಮೊದಲರ್ಧ ಮಾತಿನಲ್ಲಿ ಹೋಗಿ, ಕೆಲಸವೆಲ್ಲ ಕೊನೆಯ ಐದು ನಿಮಿಷಕ್ಕೆ ಬಂದು ನಿಲ್ಲುತ್ತದೆ. ಎಲೆಗಳನ್ನು ವಿಂಗಡಿಸುವ ಚಟುವಟಿಕೆಯನ್ನೇ ತೆಗೆದುಕೊಳ್ಳಿ. ಗುಂಪಾಗಿ ಕೂರಲು 2 ನಿಮಿಷ. ದಾಸವಾಳ, ಅರಳಿ, ಬಾಳೆ, ಹುಲ್ಲು ಇವುಗಳ ಎಲೆಗಳಲ್ಲಿ ನರಗಳು ಬಲೆಯಂತೆ ಹರಡಿವೆಯೋ ಸಾಲಾಗಿ ಸಾಗಿವೆಯೋ ಎಂದು ನೋಡಿ ಬೇರ್ಪಡಿಸಲು 7 ನಿಮಿಷ. ಚಿತ್ರ ಬರೆದು ಹೆಸರು ಗುರುತಿಸಲು 8 ನಿಮಿಷ. ಐದು ಗುಂಪುಗಳ ಮಂಡನೆಗೆ ತಲಾ 2 ನಿಮಿಷ. ಇಷ್ಟಕ್ಕೆ 27 ನಿಮಿಷವಾಯಿತು. ಉಳಿದ 13 ನಿಮಿಷ ಆರಂಭದ ಸೂಚನೆಗೂ ಕೊನೆಯ ಚರ್ಚೆಗೂ ಬೇಕೇ ಬೇಕು, ಅಲ್ಲಿ ಟೈಮರ್ ಓಡಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಟೈಮರ್ ಒತ್ತುವ ಮೊದಲು, ಅದು ಸೊನ್ನೆ ಮುಟ್ಟುವ ಹೊತ್ತಿಗೆ ಪ್ರತಿ ಗುಂಪಿನ ಮುಂದೆ ಏನು ಸಿದ್ಧವಿರಬೇಕು ಎಂಬುದನ್ನು ತಿಳಿಸಿ, ಹಿಂದಿನ ಸಾಲಿನ ಒಬ್ಬ ವಿದ್ಯಾರ್ಥಿಯಿಂದ ಅದನ್ನೇ ಮರಳಿ ಹೇಳಿಸಿ. ಕೊಟ್ಟ ಸಮಯ ಸಾಲದು ಎನ್ನಿಸಿದರೆ, ಟೈಮರ್ ಇನ್ನೂ ಓಡುತ್ತಿರುವಾಗಲೇ ಎಲ್ಲರಿಗೂ ಕೇಳುವಂತೆ ಹೇಳಿ ಎರಡು ನಿಮಿಷ ಸೇರಿಸಬೇಕು. ಸೊನ್ನೆಯಾದ ಮೇಲೂ ಏನೂ ಹೇಳದೆ ಕೆಲಸ ಮುಂದುವರಿಯಲು ಬಿಟ್ಟರೆ, ಮುಂದಿನ ತರಗತಿಯಿಂದ ಮಕ್ಕಳು ಆ ಅಂಕಿಗಳತ್ತ ತಿರುಗಿಯೂ ನೋಡುವುದಿಲ್ಲ. ಗಾಬರಿಯ ವಿಷಯಕ್ಕೆ ಬಂದರೆ, ಅದು ಹೆಚ್ಚಾಗಿ ಹುಟ್ಟುವುದು ಸದ್ದಿನಿಂದ. ಯೂಟ್ಯೂಬ್‌ನಲ್ಲಿ ಸಿಗುವ ಎಷ್ಟೋ ಟೈಮರ್ ವಿಡಿಯೊಗಳಲ್ಲಿ ಟಿಕ್ ಟಿಕ್ ಶಬ್ದವೂ ಕೊನೆಯಲ್ಲಿ ಜೋರು ಸಂಗೀತವೂ ಇರುತ್ತವೆ. ಧ್ವನಿ ಪೂರ್ತಿ ನಿಲ್ಲಿಸಿ, ಸಮಯ ಮುಗಿದುದನ್ನು ನೀವೇ ಎರಡು ಚಪ್ಪಾಳೆಯಿಂದ ತಿಳಿಸಿ. ನನಗೆ ಇದರಿಂದಾದ ದೊಡ್ಡ ಅನುಕೂಲವೆಂದರೆ, ‘ಬೇಗ ಮುಗಿಸಿ, ಬೇಗ ಮುಗಿಸಿ’ ಎಂದು ಕೂಗುವುದು ತಪ್ಪಿ, ಹಿಂದುಳಿದ ಗುಂಪಿನ ಪಕ್ಕ ಕುಳಿತು ಅವರ ಮಾತು ಕೇಳಲು ಸಾಧ್ಯವಾಗಿರುವುದು.

ನಲಿ-ಕಲಿ ಶಿಕ್ಷಕಿ

ಮೇಲಿನ ಸರ್ ಹೇಳಿದ್ದು ದೊಡ್ಡ ಮಕ್ಕಳಿಗೆ ಸರಿ. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುವ ನಲಿ-ಕಲಿ ಕೊಠಡಿಯಲ್ಲಿ ಒಬ್ಬೊಬ್ಬ ಮಗುವೂ ಕಲಿಕಾ ಏಣಿಯ ಒಂದೊಂದು ಮೆಟ್ಟಿಲಿನಲ್ಲಿರುವಾಗ, ಎಲ್ಲರಿಗೂ ಒಂದೇ ಗಡುವು ಇಡುವುದು ಆ ಪದ್ಧತಿಯ ಉದ್ದೇಶಕ್ಕೇ ವಿರುದ್ಧ. ಹಾಗಾಗಿ ಒಂದು ತಟ್ಟೆಯಿಂದ, ಅಂದರೆ ಗುಂಪು ಕೂರುವ ಜಾಗದಿಂದ, ಇನ್ನೊಂದು ತಟ್ಟೆಗೆ ಹೋಗುವುದು, ಕಾರ್ಡುಗಳನ್ನು ಟ್ರೇಯಲ್ಲಿ ಮರಳಿ ಇಡುವುದು, ಬಿಸಿಯೂಟಕ್ಕೆ ಕೈತೊಳೆಯಲು ಸಾಲು ನಿಲ್ಲುವುದು, ಇಷ್ಟಕ್ಕೆ ಮಾತ್ರ ನಾನು ಸಮಯ ನಿಗದಿ ಮಾಡುತ್ತೇನೆ. ಒಂದನೇ ತರಗತಿಯ ಮಗುವಿಗೆ 2:45 ಎಂಬ ಅಂಕಿಗಳಿಂದ ಏನೂ ತಿಳಿಯದು. ಗೋಡೆ ಗಡಿಯಾರದ ಗಾಜಿನ ಮೇಲೆ, ನಿಮಿಷದ ಮುಳ್ಳು ತಲುಪಬೇಕಾದ ಜಾಗಕ್ಕೆ ಕೆಂಪು ಸ್ಟಿಕ್ಕರ್ ಬಿಂದಿಯೊಂದನ್ನು ಅಂಟಿಸುತ್ತೇನೆ. ಮುಳ್ಳು ಬಿಂದಿಯ ಹತ್ತಿರ ಬರುತ್ತಿದ್ದಂತೆ ಮಕ್ಕಳೇ ಪರಸ್ಪರ ಎಚ್ಚರಿಸುತ್ತಾರೆ. ಕರೆಂಟು ಹೋದರೂ ಇದು ನಿಲ್ಲುವುದಿಲ್ಲ.

ಗಣಿತ ಶಿಕ್ಷಕರು, ಪ್ರೌಢಶಾಲೆ

ಹೊಸ ಲೆಕ್ಕ ಕಲಿಯುತ್ತಿರುವಾಗ ಇಳಿಯುವ ಟೈಮರ್ ಬೇಡವೆಂದು ನಾನು ಒತ್ತಿ ಹೇಳುತ್ತೇನೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರಿಸದೆ ಕೂರುವವರು ಕಡಿಮೆಯಾದರು. ಯೋಚನೆಗೆ ಬಿಡುವು ಅಷ್ಟು ಮುಖ್ಯವಾಗಿರುವಾಗ ಕಣ್ಣೆದುರು ಓಡುವ ಸೆಕೆಂಡುಗಳು ಅದನ್ನು ಕಸಿದುಕೊಳ್ಳಬಾರದು. ಕಲಿಕೆಯ ಹಂತದಲ್ಲಿ ಸ್ಟಾಪ್‌ವಾಚ್ ಹಾಕಿ, ಲೆಕ್ಕ ಮುಗಿದಾಗ ತನಗೆ ಹಿಡಿದ ಸಮಯವನ್ನು ವಿದ್ಯಾರ್ಥಿಯೇ ಪುಟದ ಅಂಚಿನಲ್ಲಿ ಬರೆದುಕೊಳ್ಳಲಿ. ಹತ್ತನೇ ತರಗತಿಯ ಪುನರಾವರ್ತನೆಯಲ್ಲಿ ಮಾತ್ರ ಗಡುವಿಗೆ ಬನ್ನಿ: ಪರೀಕ್ಷೆಯ 80 ಅಂಕಗಳಿಗೆ ಬರವಣಿಗೆಯ 180 ನಿಮಿಷ ಎಂದು ಲೆಕ್ಕ ಹಾಕಿದರೆ ಒಂದು ಅಂಕಕ್ಕೆ ಎರಡೂಕಾಲು ನಿಮಿಷ, ಅಂದರೆ ನಾಲ್ಕು ಅಂಕದ ಪ್ರಮೇಯಕ್ಕೆ 9 ನಿಮಿಷ. ಅಂಚಿನಲ್ಲಿ ತಾನೇ ಬರೆದ 14 ನಿಮಿಷವನ್ನು ಈ 9ರ ಜೊತೆ ಹೋಲಿಸಿದಾಗ, ಸಮಯ ಎಲ್ಲಿ ಹೋಯಿತೆಂದು ವಿದ್ಯಾರ್ಥಿಯೇ ಹುಡುಕತೊಡಗುತ್ತಾನೆ. ಬಹಳಷ್ಟು ಸಲ ಅದು ಆಕೃತಿಯನ್ನು ಎರಡೆರಡು ಬಾರಿ ಅಳಿಸಿ ಬರೆಯುವುದರಲ್ಲಿ ಹೋಗಿರುತ್ತದೆ.

ಬಿ.ಐ.ಇ.ಆರ್.ಟಿ. (ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ) ಸಂಪನ್ಮೂಲ ಶಿಕ್ಷಕಿ

ನಿಧಾನವಾಗಿ ಬರೆಯುವ, ದೃಷ್ಟಿ ಅಥವಾ ಕಲಿಕಾ ನ್ಯೂನತೆಯಿರುವ ಮಗು ತರಗತಿಯಲ್ಲಿದ್ದರೆ, ಸಮಯ ನಿಗದಿ ಮಾಡುವಾಗ ಆ ಮಗುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ತಮ್ಮ ಪರವಾಗಿ ಉತ್ತರ ಬರೆಯುವ ಲಿಪಿಕಾರರ ನೆರವಿಗೆ ಅರ್ಹರಾದ ಅಂಗವಿಕಲ ಅಭ್ಯರ್ಥಿಗಳಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿತ್ತು. ದಿನನಿತ್ಯದ ಚಟುವಟಿಕೆಯಲ್ಲೂ ಅದೇ ಪ್ರಮಾಣ ಪಾಲಿಸುವುದು ನ್ಯಾಯ. ಇಲ್ಲವೇ, ಆ ಮಗುವಿಗೆ ಹೆಚ್ಚು ನಿಮಿಷ ಕೊಡುವ ಬದಲು ಐದು ಪ್ರಶ್ನೆಗಳ ಜಾಗದಲ್ಲಿ ಮೂರನ್ನೇ ಕೊಟ್ಟರೆ, ಎಲ್ಲರ ಜೊತೆಗೇ ಮುಗಿಸಿದ ಸಮಾಧಾನವೂ ಸಿಗುತ್ತದೆ. ಚಟುವಟಿಕೆ ಬದಲಾಗುವುದನ್ನು ಸಹಿಸಲಾಗದ ಆಟಿಸಂ ಇರುವ ಮಕ್ಕಳಿಗಂತೂ, ಇನ್ನೆಷ್ಟು ಹೊತ್ತು ಉಳಿದಿದೆ ಎಂಬುದು ಕಣ್ಣಿಗೆ ಕಾಣುವುದರಿಂದ ತುಂಬ ನೆರವಾಗುತ್ತದೆ.

ಇನ್ನೊಬ್ಬ ವಿಜ್ಞಾನ ಶಿಕ್ಷಕಿ

ಮೇಡಂ, ಮೊಬೈಲಿನ ಟೈಮರ್ ಬಳಸುವುದಾದರೆ ಫ್ಲೈಟ್ ಮೋಡ್‌ನಲ್ಲಿಡಿ, ಕರೆ ಬಂದು ಅಡ್ಡಿಯಾಗುವುದಿಲ್ಲ. ನಿಮ್ಮ ಏಳನೇ ತರಗತಿಯವರಿಂದ ಗಳಿಗೆ ಬಟ್ಟಲು ಮಾಡಿಸಲೂಬಹುದು. ತಳದಲ್ಲಿ ಅಳತೆಗೆ ತಕ್ಕ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತೇ ಒಂದು ಗಳಿಗೆ, ಅಂದರೆ 24 ನಿಮಿಷ. ದಿನಕ್ಕೆ ಅಂಥವು 60. ನಮ್ಮ ಮಕ್ಕಳು ತೆಳುವಾದ ಅಲ್ಯೂಮಿನಿಯಂ ಬಟ್ಟಲಿನ ತೂತನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸಿ 8 ನಿಮಿಷಕ್ಕೆ ಹೊಂದಿಸಿಕೊಂಡಿದ್ದಾರೆ, ಚಿತ್ರ ಬರೆಯುವ ಚಟುವಟಿಕೆಗೆ ಈಗ ಅದೇ ಅಳತೆ. ಪ್ಲಾಸ್ಟಿಕ್ ಬಟ್ಟಲಾದರೆ ಒಳಗೆ ಒಂದೆರಡು ಕಲ್ಲು ಇಡಿ, ಇಲ್ಲದಿದ್ದರೆ ಅದು ನೀರು ತುಂಬಿದರೂ ಮುಳುಗದೆ ತೇಲಬಹುದು.