ರಂಗನತಿಟ್ಟು: ಮಾರ್ಚ್‌ನಲ್ಲಿ ದೋಣಿಗೆ ಯಾವ ಬೈನಾಕ್ಯುಲರ್?

ಪ್ರಶ್ನೆ:
ಮಾರ್ಚ್ ಎರಡನೇ ವಾರ ಅಪ್ಪನ ಜೊತೆ ಮೈಸೂರಿಂದ ಹೊರಡ್ತಿದ್ದೀನಿ. ಮನೇಲಿರೋ ಬೈನಾಕ್ಯುಲರ್ 10x50 (ಹತ್ತು ಪಟ್ಟು ದೊಡ್ಡದಾಗಿ ತೋರಿಸುತ್ತೆ, ಮುಂದಿನ ಗಾಜು 50 ಮಿ.ಮೀ.). ಅಪ್ಪನಿಗೆ ಕನ್ನಡಕ ಇದೆ. ನೋಡಿದರೆ ಸುತ್ತ ಕಪ್ಪು ಕಟ್ಟುತ್ತೆ ಅಂತಾರೆ. ದೋಣೀಲಿ ಇದು ನಡೆಯುತ್ತಾ? ಬಾಯ್ಕಳಕ (ಓಪನ್‌ಬಿಲ್ ಕೊಕ್ಕರೆ), ಬಣ್ಣದ ಕೊಕ್ಕರೆ ಮರಿಗಳನ್ನ ಹೇಗೆ ಗುರುತು ಹಿಡಿಯೋದು?

ಉತ್ತರ 1:
ದೋಣಿಗೆ 10x ಬೇಡ. ದೋಣಿ ತುಯ್ದಷ್ಟೂ ಕೈ ಅಲುಗಾಟ ಹತ್ತು ಪಟ್ಟಾಗಿ ಕಾಣುತ್ತೆ. ಯಾರ ಹತ್ರನಾದ್ರೂ 8x42 ಇದ್ದರೆ ಇಸ್ಕೊಳ್ಳಿ. ಕಪ್ಪು ಕಟ್ಟೋದು ಕಣ್ಣಿನ ಕಡೆ ಇರೋ ರಬ್ಬರ್ ಬಟ್ಟಲಿನಿಂದ. ಕನ್ನಡಕದವರು ಅದನ್ನ ಪೂರ್ತಿ ಕೆಳಕ್ಕೆ ಮಡಚಬೇಕು ಅಥವಾ ತಿರುಗಿಸಿ ಇಳಿಸಬೇಕು. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿ. ಆಮೇಲೆ ಎಡಗಣ್ಣು ಮುಚ್ಚಿ, ಬಲಗಡೆಯ ಬಳೆ ಮಾತ್ರ ತಿರುಗಿಸಿ. ಇದನ್ನ ಮನೇಲೇ ಮಾಡ್ಕೊಂಡು ಹೋಗಿ, ದೋಣಿ ಹತ್ತಿದ ಮೇಲೆ ಪುರುಸೊತ್ತಿರಲ್ಲ. ಬೆಳಗಿನ ಮೊದಲ ದೋಣಿಯೇ ಒಳ್ಳೇದು. ಹೊತ್ತೇರಿದ ಮೇಲೆ ನೀರಿನ ಝಳಕ್ಕೆ ಗೂಡುಗಳು ಕಲಸಿದ ಹಾಗೆ ಕಾಣುತ್ತವೆ.

ಉತ್ತರ 2:
ಬೆಳೆದ ಬಾಯ್ಕಳಕದ ಕೊಕ್ಕಿನ ನಡುವೆ ಬೆಳಕು ಆಚೆಗೆ ಹಾಯುತ್ತೆ, ಅಷ್ಟು ಸಂದಿ. ಬಸವನಹುಳು ತಿನ್ನೋದು ಆ ಕೊಕ್ಕಲ್ಲೇ. ಆದರೆ ಮರಿಗೆ ಆ ಸಂದಿ ಇರಲ್ಲ, ಎಲ್ಲರೂ ತಪ್ಪೋದು ಇಲ್ಲೇ. ಕೊಕ್ಕಿನ ತುದಿ ನೋಡಿ: ಬಣ್ಣದ ಕೊಕ್ಕರೆಯದು ಕೆಳಕ್ಕೆ ಸ್ವಲ್ಪ ಬಾಗಿರುತ್ತೆ, ಬಾಯ್ಕಳಕದ್ದು ನೇರ. ಬಾಲದ ಹತ್ತಿರದ ಗುಲಾಬಿ ಬಣ್ಣ ಹುಡುಕಬೇಡಿ, ಅದು ಬೆಳೆದ ಹಕ್ಕಿಗೆ ಮಾತ್ರ. ಮರಿ ಬೂದುಗಂದು.

ಫೋಟೋ ತೆಗೆಯೋದಾದ್ರೆ ಶಟರ್ 1/1000 ಸೆಕೆಂಡಿಗಿಂತ ನಿಧಾನ ಬೇಡ. ಬಿಸಿಲಲ್ಲಿ ಬಿಳಿ ರೆಕ್ಕೆ ಗೆರೆಯಿಲ್ಲದೆ ಸುಣ್ಣ ಬಳಿದ ಹಾಗೆ ಬರುತ್ತೆ, ಎಕ್ಸ್‌ಪೋಶರ್ -0.7ಕ್ಕೆ ಇಳಿಸಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಆಯ್ತು. ನದಿ ರೀವ (ರಿವರ್ ಟರ್ನ್ ಹಕ್ಕಿ) ಮೊಟ್ಟೆ ಇಟ್ಟಿರೋ ಬಂಡೆ ಹತ್ತಿರಕ್ಕೆ ಬಿಡಿ ಅಂತ ದೋಣಿಯವರನ್ನ ಕೇಳಬಹುದಾ?

ಉತ್ತರ 3:
ದಯವಿಟ್ಟು ಕೇಳಬೇಡಿ. ರೀವಕ್ಕೆ ಗೂಡೇ ಇಲ್ಲ. ಬಂಡೆ ಮೇಲಿನ ಹಿಡಿ ಮರಳಲ್ಲಿ ಸಣ್ಣ ಗುಳಿ, ಅದರೊಳಗೆ ಮರಳಿನದೇ ಬಣ್ಣದ, ಚುಕ್ಕೆ ಚುಕ್ಕೆ ಮೊಟ್ಟೆ. ತಾಯಿ ಕೂತಿರೋದು ಕಾವಿಗಷ್ಟೇ ಅಲ್ಲ, ನೆರಳಿಗೂ ಹೌದು. ಅದು ಎದ್ದರೆ ಮಾರ್ಚ್ ಬಿಸಿಲಿಗೆ ಕಾದ ಬಂಡೆ ಮೇಲೆ ಒಳಗಿನ ಜೀವ ಹೆಚ್ಚು ಹೊತ್ತು ಉಳಿಯಲ್ಲ. ಜೊತೆಗೆ ಕಾಗೆ ಕಾಯ್ತಾ ಇರುತ್ತೆ. ಕನ್ನಂಬಾಡಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ತಗ್ಗು ಬಂಡೆಯ ಮೊಟ್ಟೆಗಳು ಹೇಗಿದ್ರೂ ಕೊಚ್ಚಿ ಹೋಗ್ತವೆ. ರೀವ ನಿಮ್ಮ ತಲೆ ಮೇಲೆ ಕಿರುಚ್ತಾ ಸುತ್ತೋಕೆ ಶುರು ಮಾಡಿದ್ರೆ ಆಗಲೇ ತೀರಾ ಹತ್ತಿರ ಬಂದಿದ್ದೀರಿ ಅಂತ. ದೋಣಿ ಹಿಂದಕ್ಕೆ ತಗೊಳ್ಳೋಕೆ ಹೇಳಿ.